ಆರಡಿ ಎರಡಿಂಚು

ಅಪ್ಪಾ, ಜಮೈಕಾದ ನಾಟಕಗಳಲ್ಲಿ ರಾಜನಾಗಿ ಗುಡುಗಿದವನೇ, ಈ ಬಿಳಿಯರ ಊರಿನಿಂದ ನಿನ್ನ ಸಮಾಧಿಗೆ ಯಾವ ಅಂಚೆ ಹೋಗುತ್ತದೆ?

ಇವತ್ತು ತಮ್ಮ ಎವರಾಲ್ಡ್‌ನ ಕಿವಿಯಲ್ಲಿ ಮತ್ತೆ ಯಾರೋ ಮಾತಾಡತೊಡಗಿದರು. ಆಸ್ಪತ್ರೆಗೆ ಬರಲ್ಲ ಎಂದ. ನನಗೂ ಸಾಕಾಗಿತ್ತು, ಆಸ್ಪತ್ರೆಯ ತುರ್ತು ಸಹಾಯಕ್ಕೆ ಫೋನ್ ಮಾಡಿದೆ.

"ಕಪ್ಪು ಜನರಾ? ಆಳಿನ ಮೈಕಟ್ಟು ಹೇಗಿದೆ?" ಎಂದಳು ಆ ಕಡೆಯವಳು.

ನಿನ್ನ ಮಗಳಲ್ಲವೇ, ಮೊಳಗಿಬಿಟ್ಟೆ: "ಥೇಟ್ ನಮ್ಮಪ್ಪನೇ ಕಣಮ್ಮಾ! ಆರಡಿ ಎರಡಿಂಚು, ನಿಂತ್ರೆ ಬಾಗಿಲೇ ತುಂಬುತ್ತೆ!"

ಪಕ್ಕದ ಮನೆಯ ಬಿಳಿಯ ಹುಡುಗ ನೈಜಲ್‌ಗೆ ಇದೇ ಕಾಯಿಲೆ ಕೆರಳಿದಾಗ ಇಬ್ಬರು ನರ್ಸ್‌ಗಳು ಬಂದು, ಚಹಾ ಕುಡಿದು, ಕೈಹಿಡಿದು ಕರೆದೊಯ್ದಿದ್ದರು. ನಮ್ಮಲ್ಲಿಗೆ ಆರು ಪೊಲೀಸರು ನುಗ್ಗಿದರು.

"ಅಲ್ಲಾಡ್ಬೇಡ, ದೊಡ್ಡಾಳೇ!"

ಅವನು ಕುರ್ಚಿಯಲ್ಲಿ ಮುದುಡಿ ಕೂತು ಹುರಿದ ಬಾಳೆಕಾಯಿ ತಿನ್ನುತ್ತಿದ್ದ. ನೆಲಕ್ಕೊತ್ತಿ ಕೋಳ ತೊಡಿಸುವಾಗ ನನ್ನತ್ತ ತಿರುಗಿದ.

"ಅಕ್ಕಾ, ನಾನು ಅಷ್ಟು ದೊಡ್ಡವನಲ್ಲ ಅಂತ ಹೇಳೇ ಇವರಿಗೆ."