ಅದೇ ತೂಕ, ಬೇರೆ ಅಮ್ಮ

ಅಮ್ಮಾ,

ಫೋನ್ ಮಾಡಿದರೆ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ, ಎದುರಿಗೆ ಬಂದರೆ ನೀನು ಮಾತು ಮರೆಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ನಡೆದದ್ದು ಇನ್ನೂ ನನ್ನ ತಲೆಗೆ ಇಳಿದಿಲ್ಲ. ಅಂಗಡಿಯಲ್ಲಿ ಬಟ್ಟೆ ಮಡಚುತ್ತಾ ಮಡಚುತ್ತಾ ಕೈ ನಿಂತುಬಿಡುತ್ತದೆ.

ಹೋದ ವರ್ಷ ಡಾಕ್ಟರು ನಿನ್ನ ಲಿವರಿನಲ್ಲಿ ಕೊಬ್ಬು ಸೇರಿದೆ, ಸಕ್ಕರೆ ಅಂಚಿಗೆ ಬಂದು ನಿಂತಿದೆ ಅಂದರಲ್ಲ. ಬರೀ ವಾಕಿಂಗ್ ಸಾಲದು, ಭಾರ ಎತ್ತಿ ಅಂದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಜೀವಮಾನವೆಲ್ಲ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದ ನೀನು ಈ ವಯಸ್ಸಿನಲ್ಲಿ ಜಿಮ್ಮಿಗೆ ಹೊರಟಾಗ ಅಪ್ಪ ಪೇಪರಿನಿಂದ ತಲೆ ಎತ್ತಿ, “ತೂಕ ಇಳಿಸೋಕೆ ತೂಕ ಎತ್ತೋದಾ? ಒಳ್ಳೆ ಲೆಕ್ಕ ಕಣೇ ನಿಂದು!” ಎಂದರು. ನೀನು ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ನಿಮ್ಮನ್ನ ಇಷ್ಟು ವರ್ಷ ಹೊತ್ತಿದ್ದೀನಲ್ಲ, ಅದಕ್ಕಿಂತ ಭಾರ ಇನ್ನೇನಿರುತ್ತೆ” ಎಂದು ಹೊರಟೇ ಹೋದೆ.

ತಿಂಗಳುಗಟ್ಟಲೆ ತೂಕದ ಮುಳ್ಳು ಇದ್ದಲ್ಲೇ ಇತ್ತು. ಆದರೆ ನಿನ್ನ ಕುರ್ತಾಗಳು ಸೊಂಟದಲ್ಲಿ ಜೋಲತೊಡಗಿದ್ದವು. ನನ್ನದು ಬಟ್ಟೆ ಅಂಗಡಿಯವಳ ಕಣ್ಣಲ್ಲವೇ, ಕಂಡಿತ್ತು. ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಅಷ್ಟೆ. ನನ್ನ ಧ್ಯಾನವೆಲ್ಲ ನನ್ನ ಮೈಮೇಲೆ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಒಂದು ಸೌತೆಕಾಯಿ, ಸಂಜೆಗೆ ಹಸಿವಿಲ್ಲ ಎನ್ನುವ ಮಾತು. “ಎಷ್ಟು ಸಣ್ಣಗಾಗಿದ್ದೀ, ಗುಟ್ಟೇನೇ?” ಅಂತ ಜೊತೆಯವರು ಕೇಳಿದರೆ ಅದರಲ್ಲೇ ಹೊಟ್ಟೆ ತುಂಬುತ್ತಿತ್ತು.

ಹೋದ ವಾರ ನೀನು ನನ್ನನ್ನು ಎಳೆದುಕೊಂಡು ಹೋಗಿ ಜಿಮ್ಮಿನ ಆ ಮಿಷನ್ ಮೇಲೆ ನಿಲ್ಲಿಸಿದೆ. ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಅಂತ ಬಿಡಿಸಿ ಹೇಳುವ ಮಿಷನ್. “ಆಂಟಿ ತೂಕ ಅಷ್ಟೇ ಇದೆ. ಆದ್ರೆ ಕೊಬ್ಬು ಕರಗಿದೆ, ಮಾಂಸಖಂಡ ಬೆಳೆದಿದೆ” ಎಂದಳು ನಿನ್ನ ಕೋಚ್. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು: “ನೀವು ಇಳಿಸಿರೋದು ಬರೀ ಕೊಬ್ಬಲ್ಲ ಅಕ್ಕಾ. ಊಟ ಬಿಟ್ಟು ಮಾಂಸಖಂಡಾನೂ ಕಳ್ಕೊಂಡಿದ್ದೀರ. ಕೊಬ್ಬಿನ ಪಾಲು ಅಮ್ಮನಿಗಿಂತ ನಿಮ್ಮದೇ ಜಾಸ್ತಿ.” ಕಪಾಳಕ್ಕೆ ಬಾರಿಸಿದ ಹಾಗಾಯಿತು. ಮಿಷನ್ ಕೆಟ್ಟಿದೆ ಎಂದು ಹೇಳಿ ದಡದಡ ಹೊರಗೆ ಬಂದೆ.

ನಿನ್ನೆ ರಜೆ ಅಂತ ಮನೆಗೆ ಬಂದಿದ್ದೆ. ರೂಮಿಗೆ ಬಣ್ಣ ಹೊಡೆಯಲು ಅಪ್ಪನೂ ನಾನೂ ಕಬ್ಬಿಣದ ಬೀರು ಸರಿಸುತ್ತಿದ್ದೆವು. ಅದರ ಕಾಲು ಟೈಲ್ಸಿನ ಸಂದಿಗೆ ಸಿಕ್ಕಿಕೊಂಡಿತು. ಅಪ್ಪ ಸಿಟ್ಟಿನಿಂದ ಜಗ್ಗಿದರು. ನೋಡನೋಡುತ್ತಿದ್ದಂತೆ ಬೀರು ವಾಲಿತು, ಅಪ್ಪ ಅದರ ಅಡಿಗೆ ಬಿದ್ದರು. ಬೀರು ಮಂಚದ ಅಂಚಿಗೆ ತಾಗಿದ್ದರಿಂದ ಪೂರ್ತಿ ಬೀಳಲಿಲ್ಲ, ಆದರೂ ಎದೆಯನ್ನು ಒತ್ತುತ್ತಿತ್ತು. ಅವರ ಬಾಯಿಂದ “ಉಸಿರು... ಉಸಿರು” ಅಷ್ಟೇ ಬಂತು. ನಾನು ಅಂಚು ಹಿಡಿದು ಎತ್ತಿದೆ. ತೋಳು ಥರಥರ ನಡುಗಿತೇ ಹೊರತು ಬೀರು ಅಲುಗಲಿಲ್ಲ. ಕಿರುಚಿದೆ.

ನೀನು ಅಡುಗೆಮನೆಯಿಂದ ಬಂದೆ. ಗಾಬರಿಯಾಗಲಿಲ್ಲ. ಒದ್ದೆ ಕೈ ಒರೆಸಿಕೊಂಡೆ! ಆ ಹೊತ್ತಿನಲ್ಲಿ! ಕಾಲು ಅಗಲಿಸಿ ಕುಕ್ಕರಗಾಲಲ್ಲಿ ಕೂತು, ಬೀರುವಿನ ಅಂಚು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಉಸಿರು ಎಳೆದುಕೊಂಡು, “ನಾನು ಎತ್ತಿದ ಕೂಡ್ಲೆ ಅಪ್ಪನ್ನ ಎಳಿ” ಎಂದೆ. ಎದ್ದೆ. ಬೀರೂ ನಿನ್ನ ಜೊತೆ ಎದ್ದಿತು. ನಿನ್ನ ಮುಂಗೈಯ ನರಗಳು ಉಬ್ಬಿದ್ದನ್ನೂ ತೋಳು ಬಿಗಿದದ್ದನ್ನೂ ನೋಡುತ್ತಾ ನಾನು ಎಳೆಯುವುದನ್ನೇ ಮರೆತೆ. “ಬಾಯಿ ಬಿಟ್ಕೊಂಡು ಏನೇ ನೋಡ್ತೀಯ, ಎಳೀ!” ಎಂದು ನೀನು ಗದರಿದ ಮೇಲೆಯೇ ಅಪ್ಪನ ಕಂಕುಳಿಗೆ ಕೈ ಹಾಕಿದ್ದು.

ಒಂದು ಪಕ್ಕೆಲುಬು ಬಿರುಕು ಬಿಟ್ಟಿದೆ, ಬೇರೇನೂ ಆಗಿಲ್ಲ ಎಂದರು ಆಸ್ಪತ್ರೆಯಲ್ಲಿ. ಅಪ್ಪ ಮಲಗಿದಲ್ಲಿಂದಲೇ ಯಾರೋ ಹೊಸಬರನ್ನು ನೋಡುವಂತೆ ನಿನ್ನನ್ನು ನೋಡಿದರು. “ನೀನಾ ಎತ್ತಿದ್ದು?” “ಮತ್ತೆ ಪಕ್ಕದ್ಮನೆಯವ್ರು ಬರ್ತಾರಾ? ಸುಮ್ನೆ ಮಲ್ಕೊಳ್ಳಿ.”

ಸಂಜೆ ಅಪ್ಪನನ್ನು ಮನೆಗೆ ಕರೆತಂದು ಮಲಗಿಸಿದ ಮೇಲೆ ನೀನು ನೆಲದ ಮೇಲೆ ಕುಸಿದು ಕೂತೆ. ಅಳುತ್ತೀಯ ಅಂದುಕೊಂಡರೆ, “ಹಸಿವಾಗ್ತಿದೆ ಕಣೇ, ಬಡಿಸು” ಎಂದೆ. ನಾಲ್ಕು ತುತ್ತು ತಿಂದು ತಟ್ಟೆಯನ್ನು ನನ್ನ ಕಡೆ ತಳ್ಳಿದೆ. “ನೀನೂ ತಿನ್ನು. ನಾಳೆ ನಾನು ಬಿದ್ರೆ ಎತ್ತೋಕೆ ಯಾರಾದ್ರೂ ಬೇಕಲ್ಲ.”

ತಿಂದೆ ಅಮ್ಮಾ. ಅಳುತ್ತಲೇ ತಿಂದೆ. ಮತ್ತೆ ಹಾಕಿಸಿಕೊಂಡು ತಿಂದೆ.

ಇವತ್ತು ಬೆಳಿಗ್ಗೆ ನಿನಗೆ ಹೇಳದೆ ಕೋಚ್ ಹತ್ತಿರ ಹೋಗಿದ್ದೆ. ಭಾರ ಏನೂ ಹಾಕದೆ ಬರೀ ಸರಳು ಕೈಗೆ ಕೊಟ್ಟಳು. ಅದನ್ನು ಎದೆಯ ತನಕ ತರುವಷ್ಟರಲ್ಲಿ ಬೆವೆತು ನೀರಾದೆ. “ಇವತ್ತಿಗೆ ಸಾಕು. ಹೋಗಿ ಹೊಟ್ಟೆ ತುಂಬ ತಿಂಡಿ ತಿನ್ನಿ” ಎಂದಳು. ಅವಳ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ.

ನಿನ್ನ ಮೊಣಕಾಲು ಗಟ್ಟಿಯಾಗಿರಲಿ, ಬೆನ್ನು ಬಾಗದಿರಲಿ, ಅಪ್ಪನನ್ನು ಗದರಿಸುವ ದನಿ ಎಂದೂ ಉಡುಗದಿರಲಿ.

ಇನ್ನೂ ಬೆರಗು ಇಳಿಯದ,
ನಿನ್ನ ಮಗಳು