ಟೆಸ್ಟ್ ಆಗುವವರೆಗೆ ಉಡಿ ಇಲ್ಲ

ಸ್ಯಾನ್ ಡಿಯಾಗೊ, 2008

ನನ್ನ ಶಾಂತಕ್ಕನಿಗೆ,

ಗೆದ್ದೆವು! ಹೋದ ವರ್ಷವೇ ಬರೆಯಬೇಕಿತ್ತು, ಕತೆ ಪೂರ್ತಿಯಾಗಲಿ ಎಂದು ಕಾದೆ. ಈಗ ಎಲ್ಲಾ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಕ್ಯಾಲಬಾಸಸ್ ದೇವಸ್ಥಾನದಿಂದ ನಿಮ್ಮ ವ್ಯಾನಿನಲ್ಲಿ ವಾಪಸು ಬರುತ್ತಿದ್ದ ದಿನ ನೆನಪಿದೆಯಾ? ಲಾಸ್ ಏಂಜಲೀಸ್ ದಾಟುವ ಮೊದಲೇ ಟ್ರಾಫಿಕ್ ನಿಂತಿತ್ತು. ಹಿಂದೆ ಕೂತ ನಾವು ಹೆಂಗಸರು ಪುಳಿಯೋಗರೆ ತಿನ್ನುತ್ತಿದ್ದೆವು. ನೀವು ಕನ್ನಡಿಯಲ್ಲಿ ನಮ್ಮನ್ನು ನೋಡಿ, "ಗರ್ಭಕೋಶದ ಬಾಯಿದು ಕ್ಯಾನ್ಸರ್ ಟೆಸ್ಟ್ ಯಾರ್ಯಾರ್ದು ಆಗೇದ? ಕೈ ಎತ್ರಿ" ಎಂದಿರಿ. ಅಯ್ಯೋ, ಇಳಿದು ಓಡೋಣವೆಂದರೆ ಸುತ್ತಲೂ ಕಾರು! ಲೀಲಾ ಕಿಟಕಿಯಾಚೆ ನೋಡುತ್ತಾ ಕೂತುಬಿಟ್ಟಳು.

ಆಮೇಲೆ ಶ್ರಾವಣ ಶುಕ್ರವಾರದ ಅರಿಶಿನ-ಕುಂಕುಮ, ಮೀರಾ ಮೆಸಾದ ನಿಮ್ಮ ಮನೆಯಲ್ಲಿ. ಸೆರಗೊಡ್ಡಿ ನಿಂತವಳ ಮುಂದೆ ಅಕ್ಕಿ, ಕಾಯಿ, ಖಣ ಹಿಡಿದುಕೊಂಡೇ "ಟೆಸ್ಟ್ ಆಗೂತನಾ ಉಡಿ ಇಲ್ಲ ನೋಡವಾ" ಎನ್ನುತ್ತಿದ್ದಿರಿ. ಜೀವಕೋಶ ನೋಡುವ ಹಳೆಯ ಪ್ಯಾಪ್ ಒಂದು, ಆ ಕ್ಯಾನ್ಸರ್ ತರುವ ವೈರಸ್ ಹುಡುಕುವ ಹೊಸದೊಂದು, ಎರಡನ್ನೂ ಕೇಳಿ ಎಂದು ನಿಮ್ಮ ಹಟ. "ಸೀರಿ ಅಂಗಡ್ಯಾಗ ಇನ್ನೊಂದು ತೋರ್ಸ್ರಿ ಅಂತೀವಿ. ಡಾಕ್ಟರ್ ಮುಂದ ಯಾಕ ಬಾಯಿಗೆ ಬೀಗ?" ಅಂಥ ನೀವು ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲೇ ಇಲ್ಲ... ಇರಲಿ. ಇವತ್ತು ಅಳುವುದಿಲ್ಲ.

ಹೋದ ವರ್ಷ ನಮ್ಮ ಕ್ಲಿನಿಕ್‌ನವರು ಹೊಸ ನಿಯಮ ತಂದರು. ಇನ್ನು ಮೇಲೆ ಪ್ಯಾಪ್ ಒಂದೇ, ವೈರಸ್ ಟೆಸ್ಟ್ ಬೇಕೆಂದರೂ ಇಲ್ಲ. ನನಗೆ ಮೈಯೆಲ್ಲಾ ಉರಿದುಹೋಯಿತು. ನಾವೂ ಡಾಕ್ಟರೂ ಕೂತು ಮಾತಾಡಿಕೊಳ್ಳಬೇಕಾದ್ದನ್ನು ಆಫೀಸಿನವರು ಹೇಗೆ ತೀರ್ಮಾನಿಸುತ್ತಾರೆ? ನಾನೇನು ಮಾಡಿದೆ ಗೊತ್ತಾ? ಕ್ಲಿನಿಕ್ ಮ್ಯಾನೇಜರ್ ಮಾರ್ಗರೆಟ್‌ಳನ್ನೇ ಅರಿಶಿನ-ಕುಂಕುಮಕ್ಕೆ ಕರೆದೆ! ಕುಂಕುಮ ಇಟ್ಟೆ, ಸೆರಗಿಲ್ಲದ್ದಕ್ಕೆ ಅವಳ ಶಾಲನ್ನೇ ಒಡ್ಡಿಸಿದೆ, ಕಾಯಿ ಎತ್ತಿಕೊಂಡು ನಿಂತುಬಿಟ್ಟೆ. ಎರಡೂ ಟೆಸ್ಟ್ ಉಳಿಸುವವರೆಗೆ ನಿನಗೆ ಉಡಿ ಇಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಆಗ ನಮ್ಮ ಲೀಲಾ ಬಾಯಿಬಿಟ್ಟಳು. ಅವಳಮ್ಮ ಇದೇ ಕಾಯಿಲೆಯಲ್ಲಿ ಹೋದರಂತೆ, ನಿಮಗೆ ಗೊತ್ತಿತ್ತಾ? ಅವಳಾದ ಮೇಲೆ ಒಬ್ಬೊಬ್ಬರೇ ಶುರುಮಾಡಿದರು ನೋಡಿ! ಮಾರ್ಗರೆಟ್ ಎಲ್ಲಾ ಕೇಳಿಸಿಕೊಂಡು, ಖಾಲಿ ಶಾಲು ಮಡಚಿಕೊಂಡು ಹೋದಳು.

ಕೆಲವು ವಾರಗಳ ಮೇಲೆ ಬಾಗಿಲು ತೆರೆದರೆ ಅದೇ ಶಾಲು ಒಡ್ಡಿಕೊಂಡು ಮಾರ್ಗರೆಟ್! "ನನ್ನ ತೆಂಗಿನಕಾಯಿ ಎಲ್ಲಿ?" ಎಂದಳು. ಎರಡೂ ಉಳಿದವು ಶಾಂತಕ್ಕ! ಕುಣಿದುಬಿಟ್ಟೆ ನಾನು, ಈ ಮಂಡಿನೋವು ಇಟ್ಟುಕೊಂಡು.

ಇನ್ನು ನಿಮ್ಮ ಮಗಳ ವಿಷಯ. ನೀವು ಟೆಸ್ಟ್ ಮಾತೆತ್ತಿದರೆ "ಅಮ್ಮಾ, ಸ್ಟಾಪ್!" ಎಂದು ಮಹಡಿ ಹತ್ತಿ ಓಡುತ್ತಿದ್ದ ನಂದಿನಿ ಎರಡನ್ನೂ ಆರಿಸಿಕೊಂಡಳು. ಪ್ಯಾಪ್ ಸರಿಯಿತ್ತು. ವೈರಸ್ ಟೆಸ್ಟ್ ಮಾತ್ರ... ಗಾಬರಿಯಾಗಬೇಡಿ. ಡಾಕ್ಟರು ಒಂದು ವರ್ಷ ಕಣ್ಣಿಟ್ಟರು, ಮತ್ತೆ ನೋಡಿದರು. ಕೆಟ್ಟ ಜೀವಕೋಶಗಳು ಕ್ಯಾನ್ಸರ್ ಆಗುವ ಮೊದಲೇ ಸಿಕ್ಕವು, ತೆಗೆದುಹಾಕಿದರು. ನಿಮ್ಮ ಮಗಳು ಚೆನ್ನಾಗಿದ್ದಾಳೆ ಶಾಂತಕ್ಕ. ಚೆನ್ನಾಗಿದ್ದಾಳೆ.

ಮೊನ್ನೆ ಅವಳಿಗೆ ಉಡಿ ತುಂಬಲು ಹೋದೆ. ಕಾಯಿ ಕಿತ್ತುಕೊಂಡು ನನ್ನನ್ನೇ ಕೇಳಿದಳು, ಕನ್ನಡದಲ್ಲಿ, ನಿಮ್ಮದೇ ಧಾರವಾಡದ ರಾಗದಲ್ಲಿ: "ನಿಮ್ದು ಟೆಸ್ಟ್ ಆಗೇದೇನ್ರಿ, ಆಂಟಿ?"

ಇಷ್ಟೆಲ್ಲಾ ಜಗಳಾಡಿದ ನಾನು ಈ ಸಲದ್ದು ಮಾಡಿಸಿಯೇ ಇರಲಿಲ್ಲ! ಸೋಮವಾರ ಹೋಗುತ್ತೇನೆ, ನಿಮ್ಮಾಣೆ. ಅಲ್ಲಿಯವರೆಗೆ ಕಾಯಿ ಕೊಡುವುದಿಲ್ಲವಂತೆ ನಿಮ್ಮ ಮಗಳು.

ನಿಮ್ಮ
ಪದ್ಮಾ