ತಮ್ಮನ ಗಾಡಿಗೆ ಐದು ಟೈರು

ಮಾರ್ಚ್ 4, ಮಂಗಳವಾರ

ಹನ್ನೊಂದು ಅಲೈನ್‌ಮೆಂಟ್, ಎರಡು ಪಂಕ್ಚರ್. ಒಬ್ಬ ಗಿರಾಕಿ ಕೌಂಟರಿನಲ್ಲಿ ನನ್ನನ್ನು ನೋಡಿ, “ಗಂಡಸರು ಯಾರೂ ಇಲ್ವಾ?” ಅಂದ. ಇದ್ದಾರೆ, ನಾನು ಹೇಳಿದ ಕೆಲಸ ಮಾಡುತ್ತಿದ್ದಾರೆ ಅಂದೆ.

ನಾಲ್ಕಕ್ಕೆ ತಮ್ಮ ಬಂದ. ಗಾಡಿಯ ಗುರುತೇ ಸಿಗಲಿಲ್ಲ. ಎಲ್ಲೋ ಲಿಫ್ಟ್ ಕಿಟ್ ಹಾಕಿಸಿ ಮೂರು ಇಂಚು ಎತ್ತರಿಸಿದ್ದಾನೆ. ಹಳೆಯ ಟೈರುಗಳು ದೊಡ್ಡವರ ಚಡ್ಡಿ ಹಾಕಿಕೊಂಡ ಮಗುವಿನ ಕಾಲಿನಂತೆ ಕಾಣುತ್ತಿದ್ದವು. ಇಪ್ಪತ್ತೆರಡು ವರ್ಷದಿಂದ ಟೈರ್ ಅಂಗಡಿ ನಡೆಸುವ ಅಕ್ಕ ಇದ್ದಾಳೆ... ಒಂದು ಮಾತು ಕೇಳಬಾರದೇ? ಹೊಟ್ಟೆ ಉರಿಯಿತು.

“ಹೇಗಿದೆ ಅಕ್ಕಾ?”

“ಅಮ್ಮ ಹೇಗೋ ಹತ್ತೋದು?”

“ಸ್ಟೂಲ್ ಇಡ್ತೀನಿ.”

ಸ್ಟೂಲ್ ಇಡುತ್ತಾನಂತೆ.

ಮಾರ್ಚ್ 5, ಬುಧವಾರ

ಬೆಳಗ್ಗೆ ಎಂಟಕ್ಕೇ ಫೋಟೊ ಕಳಿಸಿದ. ದಪ್ಪ ಟೈರು, ದಪ್ಪ ಗುಬುಟು, ಬಿಳಿ ಅಕ್ಷರ. ‘ಇದೇ ಬೇಕು’ ಅಂತ ಕೆಳಗೆ. ಫೋಟೊ ದೊಡ್ಡದು ಮಾಡಿ ಪಕ್ಕದ ನಂಬರ್ ಓದಿದೆ. ಲೋಡ್ ಇಂಡೆಕ್ಸ್ 104. ಅಂದರೆ ಒಂದು ಟೈರು ಹೊರುವುದು ಒಂಬೈನೂರು ಕಿಲೊ, ಅದಕ್ಕಿಂತ ಒಂದು ಕಿಲೊ ಹೆಚ್ಚಿಲ್ಲ. ಗಾಡಿಗೆ ಕಂಪನಿ ಕೊಟ್ಟದ್ದು 112, ಸಾವಿರದ ನೂರಿಪ್ಪತ್ತು ಕಿಲೊ.

ಫೋನ್ ಮಾಡಿ ಹೇಳಿದೆ. ನಗುತ್ತಾನೆ! “ಅಕ್ಕಾ, ಅದು ಇದಕ್ಕಿಂತ ದೊಡ್ಡ ಟೈರು. ದೊಡ್ಡದು ಜಾಸ್ತಿ ಹೊರಲ್ವಾ?”

ಹೊರುವುದಿಲ್ಲ ಕಣೋ. ಟೈರಿನ ಶಕ್ತಿ ಇರುವುದು ಒಳಗಿನ ಪದರದಲ್ಲಿ ಮತ್ತು ಗಾಳಿಯಲ್ಲಿ, ದಪ್ಪದಲ್ಲಲ್ಲ. ಇಪ್ಪತ್ತೊಂದಕ್ಕೆ ಇವನು, ಹೆಂಡತಿ, ಎರಡು ಮಕ್ಕಳು, ಅತ್ತೆ, ಮಾವ, ನಮ್ಮಮ್ಮ, ಏಳು ಜನ ಬೆಟ್ಟಕ್ಕೆ ಹೊರಟಿದ್ದಾರೆ. ಮೇಲೆ ಕ್ಯಾರಿಯರ್ ತುಂಬ ಸಾಮಾನು. ಹಿಂದಿನ ಆಕ್ಸಲ್ ಮೇಲೆಯೇ ಸಾವಿರದ ಒಂಬೈನೂರೈವತ್ತು ಕಿಲೊ. ಅವನ ಚೆಂದದ ಟೈರುಗಳೆರಡೂ ಸೇರಿ ಹೊರುವುದು ಸಾವಿರದ ಎಂಟುನೂರು.

ಹೇಳಿದೆ. “ಎಲ್ಲದಕ್ಕೂ ಹೆದರಿಸ್ತೀಯ” ಅಂದ. ಫೋನ್ ಕುಕ್ಕಿದೆ. ಸ್ಕ್ರೀನ್ ಗಾರ್ಡ್ ಒಡೆಯಿತು. ಅದೂ ಅವನಿಂದಲೇ.

ಮಾರ್ಚ್ 7, ಶುಕ್ರವಾರ

ಆ ಟೈರುಗಳನ್ನು ಬೇರೆಲ್ಲೋ ಕೊಂಡು ಡಿಕ್ಕಿಯಲ್ಲಿ ಹೇರಿಕೊಂಡೇ ಬಂದುಬಿಟ್ಟಿದ್ದಾನೆ. ಹಾಕಿಕೊಡಬೇಕಂತೆ.

ನನ್ನ ಅಂಗಡಿಯಲ್ಲಿ ಇವು ರಿಮ್ ಹತ್ತುವುದಿಲ್ಲ ಅಂದೆ. ಎಲ್ಲರ ಮುಂದೆ ಅಂದೆ. ಗಿರಾಕಿಗಳು ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಚಿಕ್ಕಂದಿನಿಂದಲೂ ಹೀಗೇ, ಕಣ್ಣಿಗೆ ಕಂಡದ್ದು ಬೇಕು, ಉಳಿದದ್ದು ಅಕ್ಕನ ತಲೆನೋವು. ಏನೇನೋ ಅಂದೆ. ಅವನ ಮದುವೆಯ ಮಾತೂ ಬಂತು. ಅವನು ಕೆಂಪಾದ.

“ನಿನ್ನ ಜೀವನದಲ್ಲಿ ಒಂದ್ಸಲನಾದ್ರೂ ‘ತಪ್ಪು ನಂದು’ ಅಂದಿದೀಯಾ ಅಕ್ಕಾ?”

“ತಪ್ಪು ಮಾಡಿದಾಗ ಅಂತೀನಿ.”

ಹೊರಟುಹೋದ. ಹೋಗಲಿ.

ಮಾರ್ಚ್ 15, ಶನಿವಾರ

ಎಂಟು ದಿನ ಮಾತಿಲ್ಲ. ಅಮ್ಮ ನಡುವೆ ಬಂದಳು. “ಅವನೇನೋ ಹುಡುಗು ಬುದ್ಧಿ. ನೀನಾದ್ರೂ ಸ್ವಲ್ಪ ಮೆತ್ತಗೆ ಹೇಳ್ಬಾರ್ದಾ?” ನಲವತ್ತು ವರ್ಷದ ಹುಡುಗ. ಅಮ್ಮಾ, ನಿನ್ನನ್ನು ಕೂರಿಸುವುದು ಹಿಂದಿನ ಸೀಟಿನಲ್ಲಿ, ಆ ಟೈರಿನ ನೆತ್ತಿಯ ಮೇಲೆ, ಅಂದೆ. ಅಮ್ಮ ಅವನಿಗೆ ಫೋನ್ ಹಚ್ಚಿದಳು. ಸಂಜೆ ಅವನ ಮೆಸೇಜ್ ಬಂತು: ‘ನೀನೇ ಆರಿಸು.’

ಗೆದ್ದೆ. ಕೋಪ ಮಾತ್ರ ಇಳಿದಿಲ್ಲ. ಮೊದಲೇ ಕೇಳಿದ್ದರೆ?

ಮಾರ್ಚ್ 20, ಗುರುವಾರ

ವ್ಯಾನುಗಳಿಗೆ ಹಾಕುವ ಜಾತಿಯ ಟೈರು ತರಿಸಿದೆ. ಅವನಿಗೆ ಬೇಕಾದಷ್ಟು ದೊಡ್ಡದು, ಹತ್ತು ಪದರದ ಗಟ್ಟಿತನ, ಲೋಡ್ 121. ಸ್ಟೆಪ್ನಿ ಸೇರಿ ಐದು. ಯಾರನ್ನೂ ಮುಟ್ಟಗೊಡಲಿಲ್ಲ, ನಾನೇ ಹಾಕಿದೆ. ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಸ್ಟೀರಿಂಗ್ ತಿರುಗಿಸಿ ಎಲ್ಲಿಯೂ ಉಜ್ಜುವುದಿಲ್ಲ ಅಂತ ನೋಡಿದೆ. ಉದ್ದಕ್ಕೂ ಬೈಯುತ್ತಲೇ ಇದ್ದೆ. ಒಂದೊಂದು ನಟ್ಟಿಗೆ ಒಂದೊಂದು ಬೈಗುಳ. ಬಾಗಿಲ ಸ್ಟಿಕ್ಕರ್ ನೋಡಿ ಗಾಳಿ 33 ಹಿಡಿದು, ಜಾಬ್ ಕಾರ್ಡಿಗೆ ಸಹಿ ಹಾಕಿ ಕಳಿಸಿದೆ.

“ಥ್ಯಾಂಕ್ಸ್ ಅಕ್ಕಾ.”

“ನಾಳೆ ದಾರೀಲಿ ಫೋನ್ ಮಾಡಿ ತಲೆ ತಿನ್ಬೇಡ” ಅಂದೆ.

ಮಾರ್ಚ್ 21, ಶುಕ್ರವಾರ, 11.40

ತಮ್ಮನ ಫೋನ್ ಸಿಗುತ್ತಿಲ್ಲ.

ನಾನು ಕಾರು ನೋಡುವವಳು. ವ್ಯಾನು, ಲಾರಿ ಎಲ್ಲ ಅಂಗಡಿಯ ಆಚೆ ಬದಿಯ ಮೇಸ್ತ್ರಿಯ ಪಾಲು. ಆತ ಹೊಸ ಸ್ಟಾಕ್ ಲೆಕ್ಕ ನೋಡುತ್ತ ನಿನ್ನೆಯ ಕಾರ್ಡ್ ಹಿಡಿದು ಬಂದ. “ಮೇಡಂ, ಇದು ಖಾಲಿ ಓಡೋ ಗಾಡಿನಾ?”

“ಏಳು ಜನ. ಯಾಕೆ?”

ಆತ ಕಾರ್ಡಿನ 33ರ ಮೇಲೆ ಬೆರಳಿಟ್ಟ.

ಬಾಗಿಲ ಸ್ಟಿಕ್ಕರ್ ಹೇಳುವುದು ಹಳೆಯ ಟೈರಿನ ಗಾಳಿ. ಈ ಜಾತಿಯದಕ್ಕೆ ಅಷ್ಟು ಭಾರಕ್ಕೆ ಐವತ್ತಾದರೂ ಬೇಕು. 33ರಲ್ಲಿ ಇದು ಹೊರುವುದು ಎಂಟುನೂರು ಕಿಲೊ! ನಾನು ಬೇಡವೆಂದು ಉಗಿದ ಟೈರಿಗಿಂತ ಕಡಿಮೆ. ಬಿಸಿಲಲ್ಲಿ, ಹೈವೇ ವೇಗದಲ್ಲಿ ಪಕ್ಕ ಮಡಚಿ ಮಡಚಿ ಬಿಸಿಯಾಗಿ... ಗೊತ್ತಿತ್ತು. ನನಗೆ ಗೊತ್ತಿತ್ತು! ಬಾಯಿ ಬೈಯುತ್ತಿತ್ತು, ಕೈ ಇಪ್ಪತ್ತೆರಡು ವರ್ಷದ ಅಭ್ಯಾಸ ಮಾಡಿತು.

ಅವರು ಹೊರಟದ್ದು ಒಂಬತ್ತಕ್ಕೆ.

11.55

ಎತ್ತಿದ. “ಗಾಡಿ ನಿಲ್ಸೋ! ಮೊದಲು ನಿಲ್ಸು!” ಅಂತ ಕಿರುಚಿದೆ. ಹಿಂದೆ ಮಕ್ಕಳ ಗಲಾಟೆ.

“ಇನ್ನೂ ಬೈಯೋದು ಮುಗಿದಿಲ್ವಾ ಅಕ್ಕಾ? ಇವತ್ತೊಂದಿನ ಬಿಡು.” ಕಟ್ ಮಾಡಿದ. ಆಮೇಲೆ ಎತ್ತಲಿಲ್ಲ. ಅವನ ಹೆಂಡತಿಯ ಫೋನ್ ಸಿಗುತ್ತಿಲ್ಲ. ಅಮ್ಮ ಫೋನನ್ನು ಚೀಲದ ತಳಕ್ಕೆ ತುರುಕಿರುತ್ತಾಳೆ, ನನಗೆ ಗೊತ್ತು.

ಏಳು ಸಲ ಮಾಡಿದೆ. ಮೆಸೇಜ್ ಬರೆದೆ, ‘ಗಾಳಿ ಕಡಿಮೆ ಇದೆ ನಿಲ್ಲಿಸು.’ ಓದಿದ ಗುರುತು ಬಿತ್ತು. ಉತ್ತರವಿಲ್ಲ. ಅದೂ ಬೈಗುಳ ಅಂದುಕೊಂಡಿರಬೇಕು. ಅನ್ನಿಸುವ ಹಾಗೆ ಮಾಡಿದವಳು ನಾನೇ.

12.20

ಇನ್ನೊಂದು ಬರೆದೆ. ‘ತಪ್ಪು ನನ್ನದು.’ ಅಷ್ಟೇ.

12.50

ಇಲ್ಲಿ ಬರೆಯದಿದ್ದರೆ ಏನಾದರೂ ಒಡೆದುಹಾಕುತ್ತೇನೆ. ಮೇಸ್ತ್ರಿ ನೀರು ತಂದಿಟ್ಟ. ಅವನ ಮೇಲೂ ರೇಗಿದೆ. ಥೂ.

ಮಧ್ಯಾಹ್ನ 2.30

1.05ಕ್ಕೆ ಫೋನ್ ಬಂತು.

“ಅಕ್ಕಾ? ಏನಾಯ್ತು? ಮೈ ಹುಷಾರಿಲ್ವಾ?”

“ಎಲ್ಲಿದೀಯ?”

“ನಿನ್ನ ಮೆಸೇಜ್ ನೋಡಿ ಹೆದ್ರಿ ಬಂಕಲ್ಲಿ ನಿಲ್ಸಿದೀನಿ. ನೀನು ಹೀಗೆ ಬರೆಯೋಳೇ ಅಲ್ಲ. ಯಾರಿಗೋ ಏನೋ ಆಯ್ತು ಅಂತ...”

ಇಳಿದು ಟೈರು ಮುಟ್ಟು ಅಂದೆ. ಮುಟ್ಟಿದ, “ಅಯ್ಯೋ, ಸುಡ್ತಿದೆ!” ಅಂದ. ಹಿಂದಿನ ಎಡಗಡೆಯದರ ಪಕ್ಕದಲ್ಲಿ ಗುಳ್ಳೆ ಎದ್ದಿದೆಯಂತೆ. ಅಂಗೈಯಷ್ಟು. ಅಮ್ಮ ಕೂತಿದ್ದ ಕಡೆ.

ಎಲ್ಲರನ್ನೂ ಇಳಿಸಿ, ತಣಿಯಲು ಬಿಟ್ಟು, ಅದರ ಜಾಗಕ್ಕೆ ಸ್ಟೆಪ್ನಿ ಹಾಕಿ, ಎಲ್ಲಕ್ಕೂ ಐವತ್ತು ಹಿಡಿಸು ಅಂದೆ. ಮೆತ್ತಗೆ ಅಂದೆ. “ಹ್ಞೂಂ” ಅಂದ. “ಮೆಸೇಜಲ್ಲಿ ಆಗಲ್ಲ. ಭಾನುವಾರ ಬರ್ತೀವಿ. ‘ತಪ್ಪು ನಂದು’ ಅಂತ ಎದುರಿಗೆ ಅನ್ಬೇಕು.”

ಕಾರ್ಡ್ ಹರಿಯಲಿಲ್ಲ. ನನ್ನ ಸಹಿ ಅದರಲ್ಲಿದೆ.

ಮಾರ್ಚ್ 23, ಭಾನುವಾರ, 5.10

ಬಂದರು. ಶಟರ್ ಅರ್ಧ ತೆಗೆದಿದ್ದೆ. ಏಳೂ ಜನ ಇಳಿದರು, ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ತಮ್ಮ ಬಾನೆಟ್ಟಿಗೆ ಒರಗಿ ಕೈಕಟ್ಟಿ ನಿಂತಿದ್ದಾನೆ. ಪಕ್ಕದಲ್ಲಿ ಮಾವ, ಅತ್ತೆ, ಎಲ್ಲ. ಮುಖದಲ್ಲಿ ನಗು ಇಲ್ಲ.

ಮೊದಲು ಟೈರು ನೋಡಿಬಿಡೋಣ, ಆಮೇಲೆ ಹೇಳಿದರಾಯಿತು... ಇಲ್ಲ. ಮೊದಲು ಅದೇ. ನಾಲ್ಕು ಸಲ ಪೆನ್ನು ಕೆಳಗಿಟ್ಟೆ. ಅಮ್ಮ ಕೂಗುತ್ತಿದ್ದಾಳೆ. ಬಂದೆ ಅಮ್ಮಾ, ಬಂ